ಕರೆಯದೆ ಉಳಿದ ಒಂದು ಮನೆ

ಸಿದ್ದಾಪುರದ ಸುತ್ತಮುತ್ತ ಹಲಸನ್ನು ಮರದಲ್ಲೇ ಹಣ್ಣಾಗಲು ಯಾರೂ ಬಿಡುವುದಿಲ್ಲ. ಕಾಯಿ ಬಲಿಯುವ ಹೊತ್ತಿಗೆ ಮರ ಹತ್ತುವವರನ್ನು ಕರೆಸಿ ಎಲ್ಲವನ್ನೂ ಕೆಡವಿಸುತ್ತಾರೆ. ಪಲ್ಯಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಗುಂಡಿ ತೋಡಿ ಮುಚ್ಚಿಬಿಡುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ಮಹಾ ಅನ್ಯಾಯ ಅನ್ನಿಸಿತ್ತು. ನನ್ನ ತವರು ಕುಶಾಲನಗರದ ಹತ್ತಿರ. ಹಾಸನದ ಕಡೆಯಿಂದ ಬಂದು ನೆಲೆನಿಂತ ಬೇಸಾಯದ ಮನೆ. ಅಲ್ಲಿ ಹಲಸು ಹಣ್ಣಾಯಿತೆಂದರೆ ಕೈಗೆ ಎಣ್ಣೆ ಸವರಿಕೊಂಡು ಕೇರಿಯವರೆಲ್ಲ ಸುತ್ತ ಕೂರುವ ಸಂಭ್ರಮ. ಇಲ್ಲಿ ಹಣ್ಣಿನ ವಾಸನೆ ಹೊರಟರೆ ಮೊದಲು ಬರುವ ನೆಂಟ ಆನೆ. ತೋಟದಿಂದ ತೋಟಕ್ಕೆ ಅಡ್ಡಾಡುವ ಆನೆಗಳಿಗೆ ನಮ್ಮ ಸುದ್ದಿ ಬೇಡ, ಹಲಸು ಬೇಕು. ಹಾಗಾಗಿ ಕಾಯಿ ಕೆಡವುವುದು ನಮ್ಮಲ್ಲಿ ಪಕ್ಕದ ಮನೆಯವರಿಗೆ ಕೊಡುವ ಮರ್ಯಾದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರೂ ಮಾಡುತ್ತಾರೆ.

ಆ ವರ್ಷ ನಮ್ಮ ಪಕ್ಕದ ಮನೆಯ ಅಕ್ಕ ಮಾಡಲಿಲ್ಲ. ಪೂರ್ತಿ ಮಾಡಲಿಲ್ಲ ಎನ್ನಬೇಕು. ಮೇಲಿನ ಕಾಯಿಗಳನ್ನೆಲ್ಲ ಕೆಡವಿಸಿ, ಬುಡದಲ್ಲಿ ಬಿಟ್ಟಿದ್ದ ಒಂದೆರಡನ್ನು ಮೊಮ್ಮಕ್ಕಳು ರಜೆಗೆ ಬರುತ್ತಾರೆಂದು ಉಳಿಸಿಕೊಂಡರು. ಮೊಮ್ಮಕ್ಕಳು ಬಂದದ್ದು ತಡವಾಯಿತು. ಹಣ್ಣು ಯಾರಿಗೂ ಕಾಯಲಿಲ್ಲ.

ಈ ಅಕ್ಕ ನಮ್ಮ ಚರ್ಚಿನ ಸಭೆಯ ಸ್ತ್ರೀಯರ ಕೂಟದ ಮುಂದಾಳು. ನನಗಿಂತ ಹತ್ತಾರು ವರ್ಷ ದೊಡ್ಡವರು. ಗಂಡ ತೀರಿಕೊಂಡ ಮೇಲೆ ಮನೆ ಹಿಂದಿನ ಚೂರು ಕಾಫಿ ತೋಟವನ್ನು ಒಬ್ಬರೇ ನೋಡಿಕೊಂಡು ಬಂದವರು. ಪ್ರಾರ್ಥನೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅವರು ಕಣ್ಣು ಮುಚ್ಚಿದರೆಂದರೆ ಒಲೆಯ ಮೇಲೆ ಅನ್ನ ಇಟ್ಟು ಬಂದವರ ಕಥೆ ಮುಗಿಯಿತು. ಲೋಕದ ಸೃಷ್ಟಿಯಿಂದ ಶುರುಮಾಡಿ, ದೇಶವನ್ನು ಆಳುವವರು, ಗಡಿಯಲ್ಲಿರುವ ಸೈನಿಕರು, ಕಾಫಿ ಕೊಯ್ಯುವ ಪಿಕ್ಕಿಂಗ್ ಕೆಲಸದವರು, ಪಾಸ್ಟರ್ ಅವರ ಗಂಟಲು ನೋವು, ಹೀಗೆ ಒಬ್ಬರನ್ನೂ ಬಿಡದೆ ಕೊನೆಗೆ ಆಮೆನ್ ತಲುಪುವಷ್ಟರಲ್ಲಿ ನನ್ನ ಕಾಲು ಜೋಮು ಹಿಡಿದಿರುತ್ತಿತ್ತು. ಆದರೂ ಅವರ ಬಗ್ಗೆ ನನಗೆ ಪ್ರೀತಿ ಇತ್ತು. ಕರ್ತನ ಪ್ರಾರ್ಥನೆಯನ್ನು ಕನ್ನಡದಲ್ಲಿ ನನಗೆ ಬಾಯಿಪಾಠ ಮಾಡಿಸಿದ್ದು ಅವರೇ.

ಯಾಕೆಂದರೆ ನಾನು ಹುಟ್ಟಾ ಕ್ರೈಸ್ತಳಲ್ಲ. ಎಸ್ಟೇಟ್ ಜೀಪು ಓಡಿಸುವ ಕ್ರೈಸ್ತರೊಬ್ಬರನ್ನು ಮೆಚ್ಚಿ ಮದುವೆಯಾದೆ. ನನ್ನ ಅಪ್ಪ ಬಹಳ ವರ್ಷ ಅವರನ್ನು ಮನೆಯ ಜಗಲಿ ದಾಟಿಸಲಿಲ್ಲ. ಅದೇ ಅಪ್ಪ ಕೊನೆಗೆ ಪಾರ್ಶ್ವವಾಯು ಬಡಿದು ಮಲಗಿದಾಗ ನನ್ನ ತಮ್ಮಂದಿರು ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು. ನನ್ನ ಗಂಡ ರಜೆ ಹಾಕಿ ಬಂದು, ಅಪ್ಪನ ಮೈ ಒರೆಸಿ, ಬಟ್ಟೆ ಬದಲಿಸಿ, ಏನೂ ಆಗಿಲ್ಲವೆಂಬಂತೆ ಜೀಪಿನ ಕಥೆ ಹೇಳುತ್ತ ಕೂರುತ್ತಿದ್ದರು. ಯೇಸು ಎಂದರೆ ಸುಮಾರಾಗಿ ಹೀಗಿರಬೇಕು ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗ. ದೀಕ್ಷಾಸ್ನಾನ ತೆಗೆದುಕೊಂಡದ್ದು ಅದರ ಮರುವರ್ಷ. ಇದನ್ನು ಅವರ ಮುಂದೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ತಲೆ ಮೇಲೆ ಹತ್ತಿ ಕೂರುತ್ತಾರೆ.

ಆನೆ ಬಂದದ್ದು ಮಳೆ ಹಿಡಿಯುವ ಮೊದಲು, ಒಂದು ಬೆಳಗಿನ ಜಾವ. ಅಕ್ಕನ ಮನೆಯ ಹಿಂದಿನ ಹಲಸನ್ನು ತಿಂದು, ಅವರ ಗೋಡೆಯನ್ನು ಸವರಿಕೊಂಡೇ ದಾಟಿ, ನಮ್ಮ ಹಿತ್ತಲಿಗೆ ಇಳಿದಿತ್ತು. ನನ್ನ ಗಂಡ ಹಂಡೆಗೆ ಬೆಂಕಿ ಹಾಕಲೆಂದು ಹಿಂಬಾಗಿಲು ತೆಗೆದವರು ಎದುರಿಗೆ ಅದನ್ನು ಕಂಡು ಪಕ್ಕಕ್ಕೆ ಓಡಿದರು. ಕತ್ತಲಲ್ಲಿ ದರೆಯ ಅಂಚು ತಪ್ಪಿ ಕೆಳಗಿನ ಕಲ್ಲಿನ ಮೇಲೆ ಬಿದ್ದರು. ಆನೆ ಅವರನ್ನು ಮುಟ್ಟಲಿಲ್ಲ. ಗಾಬರಿಯಲ್ಲಿ ನಮ್ಮ ಬಚ್ಚಲುಮನೆಯ ಗೋಡೆಯನ್ನು ನೂಕಿ ಉರುಳಿಸಿ ತೋಟಕ್ಕೆ ಹೋಯಿತು. ನನ್ನ ಗಂಡನ ತೊಡೆಮೂಳೆ ಮುರಿದಿತ್ತು. ಎಸ್ಟೇಟಿನ ಜೀಪಿನಲ್ಲೇ, ಅವರು ದಿನಾ ಓಡಿಸುತ್ತಿದ್ದ ಜೀಪಿನ ಹಿಂಭಾಗದಲ್ಲಿ ಮಲಗಿಸಿ, ಮೈಸೂರಿಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವರು ಡ್ರೈವರಿಗೆ ಗೇರ್ ಹಾಕುವ ರೀತಿ ಸರಿಯಿಲ್ಲ ಎಂದು ಬೈಯುತ್ತಿದ್ದರು, ಅದನ್ನು ಕೇಳಿ ನನಗೆ ಸ್ವಲ್ಪ ಧೈರ್ಯ ಬಂತು.

ಆ ಭಾನುವಾರ ಬಟ್ಟೆಬರೆ ತರಲು ಊರಿಗೆ ಬಂದಿದ್ದೆ. ಮರುದಿನ ಆಪರೇಷನ್. ಸಭೆಯಲ್ಲಿ ಪ್ರಾರ್ಥನೆಗೆ ಹೇಳಿ ಹೋಗೋಣವೆಂದು ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ನಮ್ಮಲ್ಲಿ ಆರಾಧನೆಯ ನಡುವೆ ಸಾಕ್ಷಿ ಹೇಳುವ ಸಮಯ ಎಂದು ಒಂದಿದೆ. ಆ ವಾರ ದೇವರು ಮಾಡಿದ ಉಪಕಾರವನ್ನು ಯಾರಾದರೂ ಎದ್ದು ನಿಂತು ಹೇಳುತ್ತಾರೆ, ಉಳಿದವರು ಸ್ತೋತ್ರ ಎನ್ನುತ್ತಾರೆ. ಮಗನಿಗೆ ಕೆಲಸ ಸಿಕ್ಕಿತು, ಜ್ವರ ಇಳಿಯಿತು, ಬಸ್ಸು ಹಳ್ಳಕ್ಕೆ ಬೀಳುವುದು ತಪ್ಪಿತು, ಹೀಗೆ. ಮುಂದಿನ ಸಾಲಿನಲ್ಲಿದ್ದ ಅಕ್ಕ ಎದ್ದರು. ನಾನು ಹಿಂದೆ ಕೂತಿರುವುದು ಅವರಿಗೆ ಗೊತ್ತಿರಲಿಲ್ಲ.

"ಈ ವಾರ ಕರ್ತನು ನನ್ನ ಮನೆಗೆ ಬೇಲಿಯಾಗಿ ನಿಂತ. ಆನೆ ನನ್ನ ಗೋಡೆ ಪಕ್ಕದಲ್ಲೇ ಹಾದುಹೋಯ್ತು. ಒಂದು ಹೆಂಚು ಸಹ ಅಲುಗ್ಲಿಲ್ಲ. ಒಂಟಿ ಹೆಂಗಸಿನ ಮನೆ ಅಂತ ಅವನಿಗೆ ಗೊತ್ತುಂಟು. ಸ್ತೋತ್ರ!" ಎಂದರು.

ಸಭೆಯೆಲ್ಲ ಸ್ತೋತ್ರ ಎಂದಿತು. ಅಭ್ಯಾಸಬಲ. ನನ್ನ ಪಕ್ಕ ಕೂತಿದ್ದ ಹೆಂಗಸು ಕೂಡ ಎಂದಳು, ಎಂದ ಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಎದ್ದು ಹೊರಟೆ. ಬಾಗಿಲ ಬಳಿ ಹೋಗುವಾಗ ಹಿಂದೆ ಗದ್ದಲ ನಿಂತದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಪ್ರಾರ್ಥನೆಗೂ ಹೇಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಟ್ಟೆಯ ಚೀಲ ಹಿಡಿದು ನಿಂತು ಗಟ್ಟಿಯಾಗಿ ಅತ್ತೆ, ಯಾರು ನೋಡಿದರೂ ನೋಡಲಿ ಎಂದು.

ಕಾಲಿಗೆ ರಾಡ್ ಹಾಕಿ ಕಳಿಸಿದರು. ಮನೆಗೆ ಬಂದ ಮೇಲೆ ಅಕ್ಕ ಯಾರದೋ ಕೈಯಲ್ಲಿ ಒಂದು ಪಾತ್ರೆ ಮೀನು ಸಾರು ಕಳಿಸಿದರು. ನಮ್ಮ ಕಡೆ ಪಾತ್ರೆಯನ್ನು ಖಾಲಿ ವಾಪಸ್ ಕೊಡುವ ಪದ್ಧತಿಯಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ನಾನು ಸಾರನ್ನು ಗಂಡನಿಗೆ ಬಡಿಸಿ, ಪಾತ್ರೆಯನ್ನು ಬೆಳ್ಳಗೆ ಉಜ್ಜಿ, ಖಾಲಿಯೇ ಕಳಿಸಿದೆ. ಬೈದಿದ್ದರೆ ಅವರಿಗೆ ಇಷ್ಟು ಮುಟ್ಟುತ್ತಿರಲಿಲ್ಲ. ಆಮೇಲೆ ಅವರು ಏನನ್ನೂ ಕಳಿಸಲಿಲ್ಲ, ಬರಲೂ ಇಲ್ಲ. ಬೇಲಿಯ ಹತ್ತಿರ ಎದುರಾದರೆ ಅವರು ಮನೆಯೊಳಗೆ ಹೋಗುತ್ತಿದ್ದರು, ನಾನು ಹೊಲಿಗೆ ಮಿಷನ್ನಿಗೆ ಬರುತ್ತಿದ್ದೆ. ಗಂಡ ಮಲಗಿದ ಮೇಲೆ ಮನೆ ನಡೆಯುತ್ತಿದ್ದದ್ದು ಆ ಮಿಷನ್ನಿನಿಂದ. ಎಸ್ಟೇಟ್ ಕೆಲಸದವರ ಲೈನ್ ಮನೆಗಳ ಹೆಂಗಸರ ರವಿಕೆ, ಶಾಲೆ ಮಕ್ಕಳ ಯೂನಿಫಾರಂ, ಏನು ಬಂದರೂ ಹೊಲಿಯುತ್ತಿದ್ದೆ.

ಇದಕ್ಕೆಲ್ಲ ಮೊದಲು ನಾನು ಪಾಸ್ಟರ್ ನಡೆಸುವ ಶಿಷ್ಯತ್ವದ ತರಗತಿಗೆ ಹೋಗುತ್ತಿದ್ದೆ. ಪ್ರತಿ ಬುಧವಾರ ಸಂಜೆ, ಪಾಸ್ಟರ್ ಮನೆಯ ಹಜಾರದಲ್ಲಿ. ಪಾಸ್ಟರ್ ಇನ್ನೂ ಎಳೆಯರು, ಮಾತಿಗೆ ಮುಂಚೆ ಕನ್ನಡಕ ಸರಿಮಾಡಿಕೊಳ್ಳುವವರು. ಕ್ರಿಸ್ತನ ಸಾರೂಪ್ಯಕ್ಕೆ ಬರುವುದು ಎಂಬುದೇ ವರ್ಷವಿಡೀ ಪಾಠ. ನಾನು ಅದನ್ನು ಹೀಗೆ ತಿಳಿದುಕೊಂಡಿದ್ದೆ: ದಿನೇದಿನೇ ಕೋಪ ಕಡಿಮೆಯಾಗುತ್ತದೆ, ನಾಲಿಗೆ ಮೆತ್ತಗಾಗುತ್ತದೆ, ಒಂದು ದಿನ ಬೆಳಗ್ಗೆ ಎದ್ದಾಗ ಹೆಂಗಸು ಸಾಧುವಾಗಿಬಿಟ್ಟಿರುತ್ತಾಳೆ. ಮೊದಮೊದಲು ಲಕ್ಷಣವೂ ಕಾಣಿಸಿತ್ತು. ಅಳತೆಗೆ ಬಂದು ಗಂಟೆಗಟ್ಟಲೆ ಹರಟುವವರನ್ನೂ ನಗುಮುಖದಿಂದ ಸಹಿಸಿಕೊಳ್ಳುತ್ತಿದ್ದೆ. ಆನೆಯೊಂದು ಹಿತ್ತಲಿಗೆ ಬಂದದ್ದೇ ಎಲ್ಲ ಮಣ್ಣುಪಾಲಾಯಿತು.

ತರಗತಿಗೆ ಯಾಕೆ ಬರುತ್ತಿಲ್ಲ ಎಂದು ಪಾಸ್ಟರ್ ಮನೆಗೇ ಬಂದು ಕೇಳಿದರು. ನಾನು ರವಿಕೆಗೆ ಹುಕ್ ಹಾಕುತ್ತಾ ಕೇಳಿದೆ: "ಒಂದು ಮಾತು ಹೇಳಿ ಪಾಸ್ಟರ್. ಅವರ ಮನೆಯಿಂದ ಆನೆಯನ್ನು ದೇವರು ತಿರುಗಿಸಿದ್ರೆ, ನಮ್ಮನೆ ಕಡೆ ತಿರುಗಿಸಿದ್ದು ಯಾರು?"

ಅವರು ಕನ್ನಡಕ ಸರಿಮಾಡಿಕೊಂಡರು. "ಗೊತ್ತಿಲ್ಲ ಅಕ್ಕ" ಎಂದರು. ಅದೊಂದು ಮಾತಿಗೆ ನಾನು ಅವರನ್ನು ಇವತ್ತಿಗೂ ಮೆಚ್ಚುತ್ತೇನೆ. ಬೇರೆ ಯಾರಾದರೂ ಆಗಿದ್ದರೆ ಬೈಬಲ್ಲಿನ ಏನಾದರೊಂದು ವಾಕ್ಯ ಹುಡುಕಿ ನನ್ನ ತಲೆಗೆ ಕಟ್ಟುತ್ತಿದ್ದರು.

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರಗಳಲ್ಲಿ ನಾನು ಪಾಸ್ಟರ್ ಪ್ರಸಂಗ ಮುಗಿಸುತ್ತಲೇ ಎದ್ದು ಮನೆಗೆ ಬರುತ್ತಿದ್ದೆ. ನೆರೆಯವರೊಡನೆ ಸಮಾಧಾನದಿಂದ ಇರುವವರು ಮುಂದೆ ಬರಲಿ ಎಂದು ಪಾಸ್ಟರ್ ಕರೆಯುತ್ತಾರೆ. ನಾನು ಸಮಾಧಾನದಿಂದ ಇರಲಿಲ್ಲ. ಇರದವಳು ಹೋಗಿ ಕೈ ಒಡ್ಡಿದರೆ ದೇವರ ಮುಂದೆ ಸುಳ್ಳು ಹೇಳಿದಂತೆ. ಈ ವಿಷಯದಲ್ಲಿ ನನಗೆ ನನ್ನ ಮೇಲೆ ಸ್ವಲ್ಪ ಹೆಮ್ಮೆಯೇ ಇತ್ತು. ಗಂಡ ಮಾತ್ರ ಮಲಗಿದಲ್ಲಿಂದಲೇ, "ನನ್ನ ಕಾಲಾದ್ರೂ ಬಗ್ಗೀತು, ನೀನು ಬಗ್ಗಲ್ಲ ಬಿಡು" ಎನ್ನುತ್ತಿದ್ದರು.

ಅವರ ಕಾಲು ಬಗ್ಗಲೂ ಇಲ್ಲ. ಮೂಳೆ ಕೂಡಿಕೊಳ್ಳಲಿಲ್ಲ. ಮತ್ತೊಮ್ಮೆ ತೆರೆದು ಬೇರೆ ಕಡೆಯಿಂದ ಮೂಳೆ ತೆಗೆದು ಹಾಕಬೇಕೆಂದರು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಏರಿತ್ತು, ಹೃದಯವೂ ಸ್ವಲ್ಪ ಬಲಹೀನ ಎಂದು ಪರೀಕ್ಷೆಯಲ್ಲಿ ಬಂತು. ಅರಿವಳಿಕೆ ಕೊಡುವ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಅಪಾಯ ಇಲ್ಲವೆಂದು ಹೇಳಲಾರೆ, ಮಾಡದಿದ್ದರೆ ಇವರು ಏಳುವುದೂ ಇಲ್ಲ, ಎಂದು ಹೇಳಿದರು. ಪಕ್ಕಕ್ಕೆ ಕರೆದು ಹೇಳಿದ್ದನ್ನು ನನ್ನ ಗಂಡ ನನ್ನ ಮುಖದಲ್ಲೇ ಓದಿಕೊಂಡರು. ಊರಿಗೆ ಬಂದ ಮೇಲೆ, ಹೋಗುವ ಮೊದಲು ಕರ್ತನ ಭೋಜನ ತೆಗೆದುಕೊಂಡೇ ಹೋಗಬೇಕು ಎಂದರು. ಮಲಗಿದ ದಿನದಿಂದ ಅವರು ನನ್ನಿಂದ ಒಂದು ಲೋಟ ನೀರನ್ನೂ ಬಾಯಿಬಿಟ್ಟು ಕೇಳಿದವರಲ್ಲ. ಕೇಳಿದ್ದು ಇದೊಂದೇ.

ಚರ್ಚಿಗೆ ಬರಲಾಗದವರಿಗೆ ಪಾಸ್ಟರ್ ಮನೆಗೇ ಬಂದು ಕೊಡುತ್ತಾರೆ. ಆಗ ಅಕ್ಕಪಕ್ಕದ ವಿಶ್ವಾಸಿಗಳೂ ಬಂದು ಜೊತೆಗೆ ಕೂತು ತೆಗೆದುಕೊಳ್ಳಬೇಕು. ಒಬ್ಬರೇ ತಿನ್ನುವ ಊಟ ಅದಲ್ಲ. ಫೋನ್ ಮಾಡಿ ಕರೆಯುವಂತಿಲ್ಲ, ಆ ಮನೆಯ ಹೆಂಗಸು ತಾನೇ ಮನೆಮನೆಗೆ ಹೋಗಿ ಕರೆಯಬೇಕು. ಇದು ನಮ್ಮ ಸಭೆಯಲ್ಲಿ ಹಳಬರ ಕಾಲದಿಂದ ಬಂದ ಪದ್ಧತಿ. ರೊಬಸ್ಟಾ ಕಾಫಿಯ ಕೊಯ್ಲು ಶುರುವಾಗಿತ್ತು. ಎಲ್ಲರೂ ಕೆಲಸ ಮುಗಿಸಿ ಬರುವ ಹೊತ್ತು ನೋಡಿಕೊಂಡು ಲೈನ್ ಮನೆಗಳಿಗೂ ರಸ್ತೆಯಾಚೆಯ ಮನೆಗೂ ಹೋಗಿ ಕರೆದು ಬಂದೆ.

"ಅಕ್ಕನ್ನ ಕರೆದ್ಯಾ?" ಎಂದರು ಗಂಡ.

"ಇಲ್ಲ."

"ಮರೆತ್ಯಾ?"

"ಮರೆತಿಲ್ಲ. ಕರೆಯಲ್ಲ."

"ಹಾಗಾದ್ರೆ ಪಾಸ್ಟರ್‌ಗೆ ಫೋನ್ ಮಾಡಿ, ನಾಳೆ ಬರ್ಬೇಡಿ ಅಂತ ಹೇಳಿಬಿಡು."

ನಾನು ರೇಗಿದೆ. "ಬಿದ್ದದ್ದು ನೀವು, ಮಲಗಿದ್ದು ನೀವು. ನಿಮಗೊಂಚೂರೂ ಕೋಪ ಬರಲ್ವಾ?"

"ಅದೇ ನಾನೂ ಕೇಳೋದು. ಕಾಲು ನಂದು, ಕೋಪ ಯಾಕೆ ನಿಂದು?"

ಇಂಥ ಮಾತಿಗೆ ನಗು ಬರುತ್ತದೆ, ನಕ್ಕರೆ ಸೋಲುತ್ತೇನೆ ಎಂದು ಹಲ್ಲು ಕಚ್ಚಿ ನಿಂತೆ. ಅವರು ನಗಲಿಲ್ಲ. ಗೋಡೆಯ ಕಡೆ ನೋಡುತ್ತ ಹೇಳಿದರು: "ಪಕ್ಕದ ಮನೇವ್ರನ್ನ ಬಿಟ್ಟು ನಾನು ತಗೊಳ್ಳಲ್ಲ. ಹಾಗೇ ಹೋಗ್ತೀನಿ ಆಪರೇಷನ್ನಿಗೆ. ಭಯ ಆಗ್ತದೆ, ಆದ್ರೂ ಹಾಗೇ ಹೋಗ್ತೀನಿ."

ಭಯ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ದೇವರಿಗಾಗಿ ಹೊರಟೆ ಎಂದು ಹೇಳಿಕೊಂಡರೆ ಚಂದವಾಗಿರುತ್ತದೆ, ಆದರೆ ನಾನು ಹೊರಟದ್ದು ಗಂಡನಿಗಾಗಿ.

ಅಕ್ಕ ಅಂಗಳದಲ್ಲಿ ಹರಡಿದ್ದ ಕಾಫಿಯನ್ನು ಕಾಲಿನಿಂದ ಕೆದಕುತ್ತ ಆ ಕಡೆಯಿಂದ ಈ ಕಡೆಗೆ ಬರುತ್ತಿದ್ದರು. ನನ್ನನ್ನು ಕಂಡು ಅಲ್ಲೇ ನಿಂತರು. ಬಹಳ ಇಳಿದುಹೋಗಿದ್ದರು. ಬೇಲಿಯಾಚೆಯಿಂದ ನೋಡುವಾಗ ಇದು ಕಂಡಿರಲಿಲ್ಲ, ಅಥವಾ ನಾನು ನೋಡಿರಲಿಲ್ಲ.

"ನಾಳೆ ಸಂಜೆ ನಮ್ಮನೇಲಿ ಕರ್ತನ ಭೋಜನ. ಕರೆಯೋಕೆ ಬಂದೆ" ಎಂದೆ.

"ತಮ್ಮ ಹೇಳಿ ಕಳಿಸಿದ್ರಾ?" ನನ್ನ ಗಂಡನನ್ನು ಅವರು ತಮ್ಮ ಎಂದೇ ಕರೆಯುತ್ತಿದ್ದರು.

"ಹೌದು."

ಅವರು ತಲೆಯಾಡಿಸಿದರು. "ಬರ್ತೇನೆ, ಕೂತ್ಕೊಳ್ತೇನೆ. ಆದ್ರೆ ನನ್ನ ಹತ್ರ ಪ್ರಾರ್ಥನೆ ಮಾಡು ಅಂತ ಹೇಳ್ಬೇಡ ತಂಗಿ. ನಂಗೆ ಈಗ ಆಗೋದಿಲ್ಲ."

"ಯಾಕೆ?"

"ಎಲ್ಲರ ಮುಂದೆ ಬಾಯಿ ತೆಗೆದ್ರೆ ನೀನು ಎದ್ದು ಹೋದದ್ದೇ ಕಾಣ್ತದೆ. ನಿನ್ನ ಬೆನ್ನು. ಆವತ್ತಿಂದ ಕೂಟದಲ್ಲಿ ಬೇರೆಯವರು ಪ್ರಾರ್ಥನೆ ಮಾಡ್ತಾರೆ. ನಾನು ಹಿಂದೆ ಕೂರ್ತೇನೆ. ಭೋಜನ ಸಹ ತಗೊಂಡಿಲ್ಲ." ಕಾಲಡಿಯ ಕಾಫಿಯನ್ನು ಮತ್ತೆ ಕೆದಕುತ್ತ ಹೇಳಿದರು: "ಹಣ್ಣು ಬಿಟ್ಟದ್ದು ನನ್ನದೇ ತಪ್ಪು. ಮಕ್ಕಳ ಆಸೆಗೆ ಬಿಟ್ಟೆ. ಅದಕ್ಕಿಂತ ಆವತ್ತು ಆಡಿದ ಮಾತು ದೊಡ್ಡ ತಪ್ಪು. ಆನೆ ನನ್ನ ಮನೆ ದಾಟ್ತಲ್ಲ ಅಂತ ನೋಡಿದೆ, ಎಲ್ಲಿಗೆ ಹೋಯ್ತು ಅಂತ ನೋಡ್ಲೇ ಇಲ್ಲ."

ಈ ಮಾತಿಗಾಗಿ ಎಷ್ಟು ತಿಂಗಳು ಕಾದಿದ್ದೆ. ಅದು ಬಂದರೆ ಏನೇನು ಉತ್ತರ ಕೊಡಬೇಕೆಂದು ಮಿಷನ್ ತುಳಿಯುತ್ತ ತಯಾರಿ ಮಾಡಿಟ್ಟುಕೊಂಡಿದ್ದೆ. ಮಾತು ಬಂದಾಗ ಸಮಾಧಾನವಾಗಲಿಲ್ಲ. ತಪ್ಪು ಒಪ್ಪಿಕೊಂಡರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ನನ್ನ ಗಂಡ ಇನ್ನೂ ಹಾಗೇ ಮಲಗಿದ್ದರು, ಮೂಳೆ ಇನ್ನೂ ಹಾಗೇ ಇತ್ತು, ಈ ಹೆಂಗಸಿನ ಮೇಲೆ ಸಿಟ್ಟೂ ಹಾಗೇ ಇತ್ತು. ಆದರೆ ಅದರ ಜೊತೆ ಅಯ್ಯೋ ಎನ್ನಿಸಿದ್ದೂ ನಿಜ. ಐದು ಗಂಟೆಗೆ ಬನ್ನಿ ಎಂದಷ್ಟೇ ಹೇಳಿ ಹಿಂತಿರುಗಿದೆ.

ಮರುದಿನ ಹೊಲಿಗೆ ಮಿಷನ್ನಿನ ಮುಚ್ಚಳ ಹಾಕಿ, ಮೇಲೆ ಬಿಳಿ ಬಟ್ಟೆ ಹಾಸಿದೆ. ಮನೆಯಲ್ಲಿ ಅಷ್ಟು ಎತ್ತರದ ಮೇಜು ಬೇರೆ ಇರಲಿಲ್ಲ. ಪಾಸ್ಟರ್ ತಮ್ಮ ಚೀಲದಿಂದ ಸಣ್ಣ ಪೆಟ್ಟಿಗೆ ತೆಗೆದು ರೊಟ್ಟಿಯ ತುಂಡುಗಳನ್ನೂ ದ್ರಾಕ್ಷಾರಸವನ್ನೂ ಅದರ ಮೇಲೆ ಇಟ್ಟರು. ಕೊಯ್ಲು ಮುಗಿಸಿ ಕೈಕಾಲು ತೊಳೆದು ಬಂದ ಹೆಂಗಸರು ಮಂಚದ ಸುತ್ತ ನೆಲದ ಮೇಲೆ ಕೂತರು. ಗಂಡನಿಗೆ ದಿಂಬು ಒತ್ತುಕೊಟ್ಟು ಅರ್ಧ ಎಬ್ಬಿಸಿ ಕೂರಿಸಿದ್ದೆ. ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡು ಮದುವೆಗೆ ಹೊರಟವರಂತೆ ಕೂತಿದ್ದರು. ಅಕ್ಕ ಎಲ್ಲರಿಗಿಂತ ಕೊನೆಗೆ ಬಂದು ಹೊಸ್ತಿಲ ಹತ್ತಿರವೇ ಕೂತರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ನಾನು ತೆಗೆದುಕೊಳ್ಳುವವಳಿರಲಿಲ್ಲ. ಕರೆದಿದ್ದೇನೆ, ಕಾಫಿ ಕೊಡುತ್ತೇನೆ, ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದು ಲೆಕ್ಕ ಹಾಕಿಕೊಂಡಿದ್ದೆ.

ರೊಟ್ಟಿಯನ್ನು ಎಲ್ಲರ ಕೈಗೂ ಕೊಟ್ಟಾದ ಮೇಲೆ ಒಟ್ಟಿಗೆ ತಿನ್ನುವುದು ನಮ್ಮ ರೂಢಿ. ಪಾಸ್ಟರ್ ಮೊದಲು ನನ್ನ ಗಂಡನ ಕೈಗೆ ಇಟ್ಟರು. ಆಮೇಲೆ ಒಬ್ಬೊಬ್ಬರಿಗೆ ಕೊಡುತ್ತ ಅಕ್ಕನ ಬಳಿಗೆ ಬಂದರು. ಅಕ್ಕ ಕೈ ಒಡ್ಡಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನನ್ನ ಕಡೆ ನೋಡಿದರು.

ಪಾಸ್ಟರ್ ಕಾದರು. ನನಗೆ ಮೊದಲು ಬಂದದ್ದು ಸಿಟ್ಟೇ. ಎಲ್ಲರ ಮುಂದೆ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿದರಲ್ಲ ಎಂದು. ಆಮೇಲೆ ಅವರ ಮುಖ ನೋಡಿದೆ. ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ತೆಗೆದುಕೊಳ್ಳಬಹುದೋ ಬಾರದೋ ಎಂದು. ಅದನ್ನು ಪಾಸ್ಟರ್ ಹೇಳಿದರೆ ಅವರು ನಂಬುತ್ತಿರಲಿಲ್ಲ, ನಾನು ಹೇಳಬೇಕಾಗಿತ್ತು.

"ತಗೊಳ್ಳಿ ಅಕ್ಕ" ಎಂದೆ.

"ನೀನು?"

ಮಂಚದ ಮೇಲೆ ನನ್ನ ಗಂಡ ಅಂಗೈಯಲ್ಲಿ ರೊಟ್ಟಿ ಹಿಡಿದು ಕೂತಿದ್ದರು. ಬೆನ್ನು ನೋಯುತ್ತಿತ್ತೆಂದು ಅವರ ತುಟಿ ನೋಡಿದರೇ ತಿಳಿಯುತ್ತಿತ್ತು. ನನ್ನನ್ನು ಕರೆಯಲಿಲ್ಲ, ಕಾಯುತ್ತಿದ್ದರು. ಅವರು ತಿನ್ನುವುದು, ಅಕ್ಕ ತಿನ್ನುವುದು, ಎಲ್ಲವೂ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಕೈಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮನಸ್ಸು ಸರಿಯಾದ ಮೇಲೆ ಒಡ್ಡುತ್ತೇನೆ ಎಂದು ಇಷ್ಟು ತಿಂಗಳು ಕಾದಿದ್ದೆ. ಅದು ಸರಿಯಾಗಲು ಇನ್ನೆಷ್ಟು ಕಾಲ ಬೇಕೋ, ನನ್ನ ಗಂಡನಿಗೆ ಅಷ್ಟು ಕಾಲ ಇದೆಯೋ ಇಲ್ಲವೋ, ನನಗೆ ಗೊತ್ತಿರಲಿಲ್ಲ.

ನಾನು ಹೋಗಿ ಹೊಸ್ತಿಲ ಹತ್ತಿರ ಅಕ್ಕನ ಪಕ್ಕ ನೆಲದ ಮೇಲೆ ಕೂತೆ. ಕೋಪ ಇಳಿದಿರಲಿಲ್ಲ. ಅದನ್ನು ಒಳಗಿಟ್ಟುಕೊಂಡೇ ಕೈ ಒಡ್ಡಿದೆ. ಪಾಸ್ಟರ್ ಒಂದು ತುಂಡು ಇಟ್ಟರು. ಅಕ್ಕ ಸೆರಗಿನಿಂದ ಕೈ ಹೊರಗೆ ತೆಗೆದರು, ಅವರಿಗೂ ಇಟ್ಟರು.

ಆಮೇಲೆ ನಮ್ಮೆಲ್ಲರ ಜೊತೆ ನನ್ನ ಗಂಡ ತಿಂದರು.